ವಸಡಿನ ಬಣ್ಣ

ಕಳ್ಳ ಒಳಗೇ ಇದ್ದಾನೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ವಾಪಸು ಬಂದ ಹಲ್ಲುಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದುರು ಮೇಜಿನಲ್ಲಿ ಇನ್ನೊಂದು ಸೆಟ್ಟಿಗೆ ಹೊಳಪು ಕೊಡುತ್ತಿದ್ದ ಬಾಮೈದನನ್ನು ಓರೆಗಣ್ಣಿನಿಂದ ನೋಡಿದ.

“ವಸಡಿನ ಪುಡಿ ಏನಾದ್ರೂ ಬದಲಾಯಿಸಿದೆಯೇನೋ?”

“ಅದೇ ಡಬ್ಬಿ, ಭಾವ. ಕಲಸಿದ್ದೂ ನೀವೇ.”

ಮಾತು ನಿಜವಾಗಿತ್ತು, ಸಿಟ್ಟು ಬಂದದ್ದೇ ಅದಕ್ಕೆ. ಕೃತಕ ಹಲ್ಲು ಮಾಡುವ ಆ ಒಂದೇ ಕೋಣೆಯ ಕಾರ್ಯಾಗಾರದಲ್ಲಿ ಹಲ್ಲು ಯಾರು ಬೇಕಾದರೂ ಕೂರಿಸಬಹುದಿತ್ತು. ವಸಡಿನ ಬಣ್ಣ ಮಾತ್ರ ಅವನ ಕೈಯದೇ ಆಗಬೇಕು. ಕಂಪನಿಯವರು ಕೊಟ್ಟ ಬಣ್ಣದ ಪಟ್ಟಿಯನ್ನು ಎಂದೋ ಮಡಚಿ, ಕಿಟಕಿ ಅಲುಗದಂತೆ ಸಂದಿಗೆ ಸಿಕ್ಕಿಸಿದ್ದ. ದುಂಡು ಕನ್ನಡಿಯ ಮುಂದೆ ಕೆಳತುಟಿ ಎಳೆದು ಹಿಡಿದು, ತನ್ನದೇ ವಸಡನ್ನು ನೋಡುತ್ತ, ಬಣ್ಣವಿಲ್ಲದ ಪುಡಿಯ ಮಿಶ್ರಣಕ್ಕೆ ಕೆಂಪು ಹನಿ ಹಾಕುತ್ತಿದ್ದ. ಎರಡೂ ಒಂದಾದಾಗ ನಿಲ್ಲಿಸುತ್ತಿದ್ದ.

“ಜೀವ ಇರೋ ಬಣ್ಣ ಪಟ್ಟಿಯಲ್ಲಿ ಸಿಗಲ್ಲ ಕಣೋ,” ಎನ್ನುತ್ತಿದ್ದ. ಹಾಗೆನ್ನುವಾಗ ತಾನು ಮಹಾ ಕಲಾವಿದನಂತೆ ಕಾಣುತ್ತೇನೆಂದು ಅವನಿಗೆ ಗೊತ್ತಿತ್ತು. ತುಟಿ ಎಳೆದುಕೊಂಡಾಗ ಕೋತಿಯಂತೆ ಕಾಣುತ್ತೇನೆಂಬುದೂ ಗೊತ್ತಿತ್ತು.

ಇದು ವಾಪಸು ಬಂದ ಮೂರನೆಯ ಸೆಟ್ಟು. “ಹಾಕ್ಕೊಂಡ್ರೆ ಹೆಣದ ಬಾಯಿ ಥರ ಕಾಣತ್ತಂತೆ. ಮೊಮ್ಮಕ್ಕಳು ಹತ್ರಾನೇ ಬರ್ತಿಲ್ವಂತೆ,” ಎಂದಿದ್ದಳು ದಂತವೈದ್ಯೆ. “ಇನ್ನೊಂದು ಹೀಗಾದ್ರೆ ನಾನು ಬೇರೆ ಕಡೆ ಮಾಡಿಸ್ಬೇಕಾಗತ್ತೆ.” ಅವನಿಗೆ ಕೆಲಸ ಕೊಡುತ್ತಿದ್ದುದು ಅವಳೊಬ್ಬಳೇ. ಆ ಬಾಗಿಲು ಮುಚ್ಚಿದರೆ ಕಾರ್ಯಾಗಾರಕ್ಕೂ ಬೀಗ.

“ಭಾವ, ಒಂದ್ಸಲ ಆ ಪಟ್ಟಿ ತೆಗೆದು ನೋಡೋಣ್ವಾ?” ಎಂದ ಬಾಮೈದ, ಮೆಲ್ಲಗೆ.

ಓಹೋ, ವಿಷಯ ಇದು! ಹುಡುಗ ಭಾವನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಾನೆ.

ಈ ಚಿಂತೆಯೇ ತನ್ನನ್ನು ಒಳಗೊಳಗೆ ತಿನ್ನುತ್ತಿದೆ ಎಂದು ಅವನು ಯಾರನ್ನೂ ಕೇಳದೆ ತೀರ್ಮಾನಿಸಿದ್ದ. ಮೆಟ್ಟಿಲು ಹತ್ತಿದರೆ ಏದುಸಿರು, ತಟ್ಟನೆ ಎದ್ದರೆ ಕಣ್ಣು ಕತ್ತಲೆ. ಸಾಲದ್ದಕ್ಕೆ ಹೊತ್ತುಗೊತ್ತಿಲ್ಲದೆ ಐಸ್ ತುಂಡು ಕಡಿಯುವ ಹುಚ್ಚು ಬೇರೆ. “ಹಲ್ಲು ಮಾಡೋರು ಕೊನೆಗೆ ನಿಮ್ಮ ಬಾಯಿಗೇ ಒಂದು ಸೆಟ್ಟು ಮಾಡ್ಕೋತೀರಿ,” ಎಂದು ಹೆಂಡತಿ ಅಣಕಿಸಿದ್ದಳು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೊಂಟನೋವಿನ ಮಾತ್ರೆ ನುಂಗಿದ ಮೇಲೆ ಏಳುವ ಹೊಟ್ಟೆಯುರಿಯನ್ನೂ ಬಾಮೈದನ ಖಾತೆಗೇ ಹಾಕಿದ್ದ. ಶೌಚದಲ್ಲಿ ಡಾಂಬರಿನ ಕಪ್ಪು ಕಂಡಾಗ, ಬಣ್ಣದವನ ಕುತೂಹಲದಿಂದ ಒಂದು ಕ್ಷಣ ಬಗ್ಗಿ ನೋಡಿ, ಕಪ್ಪು ಕಾಫಿಯ ಕರಾಮತ್ತು ಎಂದು ನೀರು ಸುರಿದಿದ್ದ.

ಇದ್ದ ಒಂದೇ ಸಮಾಧಾನ ಕೆಂಪು ಹನಿಯ ಸೀಸೆಯದು. ಮೊದಲು ನೋಡನೋಡುತ್ತ ಬರಿದಾಗುತ್ತಿದ್ದದ್ದು ಈಗ ಖರ್ಚೇ ಆಗುತ್ತಿರಲಿಲ್ಲ. ಕೈ ಪಳಗಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಕೊನೆಗೆ ಸೆಟ್ಟನ್ನು ಹಿಡಿದು, ಸಾಕ್ಷಿಗೆಂದು ಬಾಮೈದನನ್ನೂ ಎಳೆದುಕೊಂಡು ದಂತವೈದ್ಯೆಯ ದವಾಖಾನೆಗೆ ಹೋದ. ಮೆಟ್ಟಿಲ ನಡುವೆ ಎರಡು ಸಲ ನಿಂತ. ಗಾಂಭೀರ್ಯಕ್ಕಾಗಿ ನಿಂತವನಂತೆ ಕಾಣಲು ಗೋಡೆಯನ್ನು ಪರೀಕ್ಷಿಸಿದ. ಒಳಗೆ ಹೋದವನೇ ರೋಗಿಗಳ ಕುರ್ಚಿಯಲ್ಲಿ ಕುಕ್ಕರಿಸಿದ.

“ಪಕ್ಕಪಕ್ಕ ಇಟ್ಟು ನೋಡಿ ಡಾಕ್ಟ್ರೇ. ನನ್ನ ವಸಡಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ಈ ಕಸುಬೇ ಬಿಟ್ಬಿಡ್ತೀನಿ.”

ಬಾಯಿ ತೆರೆದ. ಅವಳು ದೀಪ ಹತ್ತಿರಕ್ಕೆಳೆದು, ಸೆಟ್ಟನ್ನು ಅವನ ವಸಡಿನ ಪಕ್ಕ ಹಿಡಿದಳು. ಒಮ್ಮೆ ಇದನ್ನು, ಒಮ್ಮೆ ಅದನ್ನು ಮತ್ತೆ ಮತ್ತೆ ನೋಡಿದಳು. ಆ ನೋಟವನ್ನು ಅವನು ಚಪ್ಪಾಳೆಯಂತೆ ಸವಿದ. ಬಾಯಿ ತೆರೆದಿದ್ದರಿಂದ ನಗಲಾಗಲಿಲ್ಲ ಅಷ್ಟೇ.

ಅವಳು ಸೆಟ್ಟನ್ನು ಕೆಳಗಿಟ್ಟು, ಅವನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದಳು.

“ಸೊಂಟನೋವಿನ ಮಾತ್ರೆ ಇನ್ನೂ ನಡೀತಿದೆಯಾ?”

“ದಿನಾ. ಯಾಕೆ?”

“ಮಲ ಕಪ್ಪಗೆ ಹೋಗ್ತಿದೆಯಾ?”

ಬಾಮೈದನ ಎದುರಿಗೆ ಇಂಥ ಪ್ರಶ್ನೆ! “ಮಾತು ಮರೆಸ್ಬೇಡಿ ಡಾಕ್ಟ್ರೇ. ಬಣ್ಣ ಹೊಂದಿದೆಯೋ ಇಲ್ವೋ, ಅದು ಹೇಳಿ.”

“ಹೊಂದಿದೆ, ಒಂದಿಷ್ಟೂ ವ್ಯತ್ಯಾಸ ಇಲ್ಲ,” ಎನ್ನುತ್ತ ಅವಳು ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದಳು. “ನಿಮ್ಮ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರ್ತಿದೆ; ನಕಲು ಸರಿಯಾಗೇ ಇದೆ, ಬಣ್ಣ ಹೋಗಿರೋದು ಅಸಲಿಂದು.”