ದಡದ ದೋಣಿ

"ಹತ್ತಬೇಡ ಅಕ್ಕಾ, ಹತ್ತಬೇಡ!"

ಮುದ್ದು ಕೂಗಿದ ರಭಸಕ್ಕೆ ಬಂದರಿನ ದಕ್ಕೆಯಲ್ಲಿ ಮೀನು ಆರಿಸುತ್ತಿದ್ದವರೆಲ್ಲ ತಲೆ ಎತ್ತಿದರು. ವ್ಯಾನಿನ ಹಿಂಬಾಗಿಲು ಹಿಡಿದು ಕಾಲು ಎತ್ತಿದ್ದ ಅವನ ಅಕ್ಕ ಅಪ್ಪಿ, ಎತ್ತಿದ ಕಾಲನ್ನು ಮೆಲ್ಲ ಕೆಳಗಿಟ್ಟಳು. ಪಕ್ಕದಲ್ಲಿ ಅವಳ ಬಂಗುಡೆ ಮೀನಿನ ಬುಟ್ಟಿ ಇತ್ತು.

"ಎಂತ, ಎಣ್ಣೆ ಒಣಗಲಿಲ್ವಾ?" ಅಪ್ಪಿ ವ್ಯಾನಿನ ನೆಲ ನೋಡಿದಳು.

"ಒಣಗಿದೆ." ಮುದ್ದು ಬೇರೆಲ್ಲೋ ನೋಡಿದ. "ಕಾಯಿ ಒಡೆದಾಯ್ತು ಅಕ್ಕ. ಇನ್ನು ಹೆಂಗಸರು ಹತ್ತುವ ಹಾಗಿಲ್ಲ."

ವ್ಯಾನು ಮೀನಿನ ವ್ಯಾಪಾರಿ ಯಾಹ್ಯಾನದು. ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ದಕ್ಕೆಗೆಲ್ಲ ಅದೊಂದೇ ವ್ಯಾನು. ಅದರ ನೆಲಕ್ಕೆ ಹಾಸಿದ್ದ ಕಬ್ಬಿಣದ ತಗಡನ್ನು ಮೀನಿನ ಉಪ್ಪುನೀರು ಒಂದೇ ಮಳೆಗಾಲದಲ್ಲಿ ತಿಂದುಹಾಕಿತ್ತು. ತುಕ್ಕು ಒಂದು ಕಡೆ, ಲೋಳೆ ಇನ್ನೊಂದು ಕಡೆ. ಹೋದ ತಿಂಗಳು ಅಪ್ಪಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡದ್ದು ಈ ಬಾಗಿಲಲ್ಲೇ. ಅಂದಿನಿಂದ ಬುಟ್ಟಿ ಹೊತ್ತು, ತಾನು ಮನೆಮನೆಗೆ ಮೀನು ಮಾರುವ ಪಡೀಲಿನವರೆಗೆ ನಡೆಯುವುದು ಅವಳಿಂದ ಆಗದ ಮಾತು. ಅವಳು ಮಲಗಿದ್ದಾಗ ದಮಯಂತಿ ಎನ್ನುವವಳು ಪಡೀಲಿನ ಮನೆಗಳಿಗೆ ಮೀನು ಕೊಡಲು ಶುರುಮಾಡಿದ್ದಳು. ಇನ್ನೂ ತಡಮಾಡಿದರೆ ಆ ಮನೆಗಳ ಆಸೆ ಬಿಟ್ಟಂತೆಯೇ.

ಅವಳು ಬಿದ್ದ ಮೇಲೆಯೇ ಯಾಹ್ಯಾ ಮುದ್ದುವನ್ನು ಕರೆಸಿದ್ದು. ದಕ್ಕೆಯ ದೋಣಿಗಳಿಗೆಲ್ಲ ಎಣ್ಣೆ ಹಚ್ಚುವವನು ಮುದ್ದು. ಅವನಿಗೆ ಅರ್ಧ ಕೆಲಸ ಮಾಡಿ ಗೊತ್ತಿಲ್ಲ. ತುಕ್ಕು ಕೆರೆದ, ಸಿಹಿನೀರಲ್ಲಿ ತೊಳೆದ, ಒಣಗಿಸಿದ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕೈ ಸುಟ್ಟುಕೊಂಡು ಬಳಿದ. ಎಣ್ಣೆ ಹಸಿಯಾಗಿದ್ದಾಗಲೇ, ಕಾಲು ಜಾರದಿರಲೆಂದು ಮೇಲೆ ಮರಳು ಉದುರಿಸಿದ. ಕಡಲಿನ ಮರಳಿನಲ್ಲಿ ಉಪ್ಪುಂಟೆಂದು ನೇತ್ರಾವತಿಯಿಂದ ತಂದು ಜರಡಿ ಹಿಡಿದದ್ದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎಣ್ಣೆ ಕುಡಿದ ದೋಣಿಗೆ ಪೂಜೆ ಮಾಡದೆ ಬಿಟ್ಟ ಕೈಯಲ್ಲ ಅದು. ಬಾಗಿಲಂಚಿನಲ್ಲಿ ಮೊಳದಗಲ ಜಾಗವನ್ನು ಮರಳು ಹಾಕದೆ ನುಣ್ಣಗೆ ಬಿಟ್ಟು, ಕುಂಕುಮ ಇಟ್ಟು, ಕಾಯಿ ಒಡೆದ. ಹತ್ತುವವರು ಅದನ್ನು ದಾಟಿಯೇ ಒಳಗೆ ಕಾಲಿಡಬೇಕು. ಹೆಂಗಸರಂತೂ ಹತ್ತಲೇಬಾರದು. ಪೂಜೆಯಾದ ಮೇಲೆ ಅವನಿಗೆ ಇದೂ ದೋಣಿಯೇ, ಹೆಂಗಸರು ದೋಣಿ ಹತ್ತುತ್ತಾರೆಯೇ?

"ಅಲ್ಲ ಮಾರಾಯ, ನಾನು ಇಷ್ಟೆಲ್ಲ ಮಾಡಿಸಿದ್ದು ಯಾರಿಗೆ?" ಯಾಹ್ಯಾ ಹಣೆ ಚಚ್ಚಿಕೊಂಡ. "ಇದು ವ್ಯಾನು! ಇದಕ್ಕೆ ಚಕ್ರ ಉಂಟು, ಕಣ್ಣು ಕಾಣುವುದಿಲ್ವಾ ನಿನಗೆ?"

"ಒಮ್ಮೆ ಕಾಯಿ ಒಡೆದ ಮೇಲೆ ಮುಗೀತು ಸಾವ್ಕಾರ್ರೇ. ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?"

ಅಪ್ಪಿ ಇಬ್ಬರನ್ನೂ ನೋಡಿದಳು. ಸಿಟ್ಟು ಬಂದಿತ್ತು, ಆದರೆ ದನಿ ಏರಲಿಲ್ಲ.

"ಮುದ್ದೂ, ನೀವು ಕಡಲಿಗೆ ಹೋಗುವಾಗ ನಾವು ದಡದಲ್ಲಿ ನಿಂತೆವು. ಒಂದು ದಿನವಾದ್ರೂ ದೋಣಿ ಹತ್ತುತ್ತೇನೆ ಅಂದದ್ದುಂಟಾ? ಈಗ ದಡದಲ್ಲಿ ಓಡುವುದನ್ನೂ ನೀನು ದೋಣಿ ಮಾಡಿಟ್ಟರೆ, ನಾವು ಇನ್ನು ಎಲ್ಲಿ ನಿಲ್ಲುವುದು?"

ಅಪ್ಪಿ ಬಗ್ಗಿ ವ್ಯಾನಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ದೋಣಿ ಹತ್ತುವ ಮುಂಚೆ ಗಂಡಸರು ಮಾಡುವುದು ಹಾಗೆಯೇ. ಚಿಕ್ಕಂದಿನಿಂದ ದೂರದಲ್ಲಿ ನಿಂತು ನೋಡಿ ಕಲಿತದ್ದು. ಆಮೇಲೆ ಕಾಲು ಎತ್ತಿದಳು. ಕುಂಕುಮವನ್ನು ದಾಟಲೆಂದೇ ನೋಡಿದಳು, ಪಾಪ. ಆ ಸೊಂಟಕ್ಕೆ ಅಷ್ಟುದ್ದದ ಹೆಜ್ಜೆ ಎಲ್ಲಿಂದ ಬರಬೇಕು? ಪಾದ ಬಿದ್ದದ್ದು ನುಣ್ಣಗಿನ ಜಾಗದ ಮೇಲೆಯೇ. ಸರ್ರನೆ ಜಾರಿತು.

"ಅಯ್ಯೋ ಅಕ್ಕಾ!"

ಮುದ್ದು ಹಾರಿ ಅವಳ ರಟ್ಟೆ ಹಿಡಿದ. ಅವಳ ಭಾರವೆಲ್ಲ ಅವನ ಎದೆಗೆ ಬಂದು ಒರಗಿತು. ಕಡಲಲ್ಲಿ ಬಿರುಗಾಳಿ ಎದ್ದಾಗಲೂ ಅವನು ಹಾಗೆ ಹೆದರಿದ್ದಿಲ್ಲ. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ಆ ಜಾಗಕ್ಕೆ ಹಾಸಿದ, ಅಕ್ಕನನ್ನು ಅದರ ಮೇಲೆ ಕಾಲಿಡಿಸಿ ಒಳಗೆ ಕೂರಿಸಿದ, ಬುಟ್ಟಿಯನ್ನು ಅವಳ ಮಗ್ಗುಲಿಗಿಟ್ಟ. ವ್ಯಾನು ಪಡೀಲಿಗೆ ಹೊರಟಿತು.

ಮಧ್ಯಾಹ್ನ ಖಾಲಿಯಾಗಿ ಮರಳಿದ ವ್ಯಾನನ್ನು ಮುದ್ದು ತೊಳೆದು ಬಿಸಿಲಿಗೆ ನಿಲ್ಲಿಸಿ, ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನೀರು ಬಿದ್ದರೂ ಕುಂಕುಮದ ಕಲೆ ಹೋಗಿರಲಿಲ್ಲ. ಯಾಹ್ಯಾ ಹತ್ತಿರ ಬಂದು ಕೆಮ್ಮಿದ. ಬೆಳಗಿನ ಸಿಟ್ಟು ಅವನಿಗೂ ಇಳಿದಿತ್ತು.

"ಇನ್ನು ಎಂತ ಮಾಡುವುದು ಮುದ್ದು? ಶುದ್ಧ ಗಿದ್ಧ ಅಂತ ಮಾಡಲಿಕ್ಕುಂಟಾ? ಇದ್ದರೆ ಹೇಳು, ನಾನು ಬೇಡ ಹೇಳುವುದಿಲ್ಲ."

"ಉಂಟು," ಎಂದ ಮುದ್ದು.

ತೆಂಗಿನ ಚಿಪ್ಪಿನಲ್ಲಿ ಉಳಿದಿದ್ದ ಎಣ್ಣೆಯನ್ನು ಕುಂಕುಮದ ಮೇಲೆಯೇ ಬಳಿದ. ಆಮೇಲೆ ಜರಡಿ ಹಿಡಿದ ಮರಳನ್ನು ಬೊಗಸೆ ತುಂಬ ತೆಗೆದು, ಅಕ್ಕನ ಕಾಲು ಜಾರಿದ ಜಾಗದಲ್ಲಿ ದಪ್ಪಗೆ ಉದುರಿಸಿದ.