ಕರ್ಪೂರದ ಆಣೆ

ಐವತ್ತೆಂಟರ ಶಿವನಂಜಪ್ಪ ಹಾಡಹಗಲೇ ತೂರಾಡಿಕೊಂಡು ಮನೆಗೆ ಬರತೊಡಗಿ ವರ್ಷವಾಗಿತ್ತು. ಮಾತೂ ಆಗಾಗ ತೊದಲುತ್ತಿತ್ತು. ಕುಡಿದಿಲ್ಲ ಎಂದರೆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹೆಂಡತಿ ಜಯಶೀಲಳಂತೂ ಆ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹೋದ ತಿಂಗಳು ಅವಳು ಮಂಜುನಾಥನ ಪಟದ ಮುಂದೆ ಕರ್ಪೂರ ಹೊತ್ತಿಸಿ, "ಕುಡಿದಿಲ್ಲ ಅಂತ ಇದನ್ನ ಆರಿಸಿ ಆಣೆ ಮಾಡಿ" ಎಂದಳು. ಅವನು ಉರಿಯ ಮೇಲೆ ಅಂಗೈ ಒತ್ತಿದ. ಬೊಬ್ಬೆ ಎದ್ದಿತು, ಅವನಿಗೆ ಮಾತ್ರ ಬಿಸಿಯೇ ತಾಗಲಿಲ್ಲ.

"ಸುಳ್ಳಾಣೆ ಮಾಡೋರಿಗೆ ಉರಿಯಾದ್ರೂ ಎಲ್ಲಿ ತಾಗ್ಬೇಕು!" ಎಂದು ಅವಳು ಹಂಗಿಸಿದಳು.

ಬೊಬ್ಬೆಗೆ ಮುಲಾಮು ಕೇಳಲು ಹೋದಾಗ ಇದನ್ನೇ ಅವನು ತಮಾಷೆಯಾಗಿ ಹೇಳಿದ. ಡಾಕ್ಟರು ನಗಲಿಲ್ಲ. ತಲೆಯ ಸ್ಕ್ಯಾನ್‌ಗೆ ಬರೆದುಕೊಟ್ಟರು.

ಇವತ್ತು ವರದಿ ಬಂದಿತ್ತು. ಅವನು ಅದನ್ನು ಅವಳ ಮಡಿಲಿಗೆ ಹಾಕಿ, ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಹೇಳಿದ: "ನೋಡು. ಹೆಂಡ ಅಲ್ಲ ಕಣೇ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತೆ. ಮಿದುಳಿನ ನರಗಳೇ ಹಾಳಾಗ್ತಿವೆ. ಈಗಲಾದ್ರೂ ನಂಬ್ತೀಯಾ?"

"ವಾಸಿ ಆಗತ್ತಂತಾ?"

"ಇಲ್ಲ. ಹೆಚ್ಚಾಗದಂಗೆ ನೋಡ್ಕೋಬಹುದು, ಅಷ್ಟೇ. ಈ ವಯಸ್ಸಲ್ಲಿ ಅದೂ ಕಷ್ಟ ಅಂದ್ರು."

ಅವಳು ಎದ್ದು ದೇವರ ಗೂಡಿನತ್ತ ನಡೆದಳು. ತಪ್ಪಾಯ್ತು ಅನ್ನುತ್ತಾಳೆಂದು ಅವನು ಕಾದ.

ಅವಳು ಕರ್ಪೂರ ಹೊತ್ತಿಸಿ, ಅವನ ಕೈ ಹಿಡಿದೆಳೆದಳು. "ಕುಡೀತಿದ್ದೆ ಅಂತ ಆಣೆ ಮಾಡಿ ರೀ. ನಿಮ್ಮ ಕಾಲಿಗೆ ಬೀಳ್ತೀನಿ."