ಕೆಂಪಿರುವೆ ಇಲ್ಲದ ಹಲಸಿನ ಮರ

ಮಣಿಪಾಲದ ಎಸ್‌ಟಿಡಿ ಬೂತಿನ ಎದುರು ಮರಗಳಿಗೆ ಮದ್ದು ಬಿಡುತ್ತಿದ್ದಾರೆ. ಆ ವಾಸನೆಗೆ ಉದ್ಯಾವರದ ನಮ್ಮ ಹಲಸಿನ ಮರ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಅಷ್ಟಮಿಯ ಕಡುಬು ಬೇಯಿಸುವ ಎಲೆಯ ದೊನ್ನೆ, ಕೊಟ್ಟೆ, ಕಟ್ಟಲು ಹಲಸಿನ ಎಲೆ ಬೇಕೆಂದು ಅಜ್ಜಿ ನನ್ನನ್ನು ಮರ ಹತ್ತಿಸಿದ್ದಳು. ಯಾವಾಗಲೂ ಮುತ್ತಿಕೊಳ್ಳುವ ಕೆಂಪಿರುವೆ ಒಂದೂ ಕಚ್ಚಲಿಲ್ಲ. ಎಲೆಯ ಮೇಲೆ ಬಿಳಿ ಹುಡಿ ಇತ್ತು.

“ಅಜ್ಜೀ, ಈ ಎಲೆ ಬೇಡ. ಇರುವೆಯೆಲ್ಲ ಸತ್ತಿದೆ.”

“ಕೆಲಸ ತಪ್ಪಿಸಲಿಕ್ಕೆ ಎಂತ ನೆಪ ಮಾರಾಯ್ತಿ!”

ಇಳಿದು ಒಂದು ಎಲೆಯನ್ನು ಅವಳ ಮೂಗಿಗೇ ಹಿಡಿದೆ. ಮದ್ದಿನ ವಾಸನೆ ಅವಳಿಗೂ ಬಂತು. ಮಲೇರಿಯಾ ಇಲಾಖೆಯವರು ಸೊಳ್ಳೆಗೆಂದು ಮನೆಗೆ ಹೊಡೆದು ಉಳಿದ ಮದ್ದನ್ನು ಆ ಮರಕ್ಕೆ ಬಿಟ್ಟಿದ್ದರು.

ಮೊದಲ ಕಡುಬು ಯಾವಾಗಲೂ ಮನೆಯ ಯಜಮಾನನಾದ ಸೋದರಮಾವನಿಗೆ. ಆ ಸಲ ಬಾಳೆಲೆಯಲ್ಲಿ ಬೇಯಿಸಿ ಅಜ್ಜಿ ಅದನ್ನು ನನಗೆ ಬಡಿಸಿದಳು. ಮಾವ ಕೆಮ್ಮಿದ.

“ಕೆಮ್ಮಬೇಡ. ಅವಳಿಗೆ ಕಣ್ಣುಂಟು, ನಿನಗೆ ಹೊಟ್ಟೆ ಮಾತ್ರ.”